ಹಾಸಿಗೆ ಹುಣ್ಣು ಯಾರ ಲೆಕ್ಕಕ್ಕೆ?

ಲಕ್ವಾ ಹೊಡೆದೋ ಸೊಂಟದ ಮೂಳೆ ಮುರಿದೋ ಕಲಬುರಗಿಯ ಆಸ್ಪತ್ರೆ ಸೇರಿದ ವೃದ್ಧರು ವಾರದ ಮೇಲೆ ಡಿಸ್ಚಾರ್ಜ್ ಆಗುತ್ತಾರೆ. ಕಮಲಾಪುರದ ಕಡೆಯವರಾದರೆ ಹುಮನಾಬಾದ್ ರಸ್ತೆ ಹಿಡಿದು ಊರಿಗೆ. ಮಕ್ಕಳು ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿದ್ದರೆ ನಗರದ ಒಂದು ವೃದ್ಧಾಶ್ರಮಕ್ಕೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಟೊಂಕದ ಕೆಳಗೆ ಕಪ್ಪು ಕಲೆ, ಆಮೇಲೆ ಹುಣ್ಣು. 'ನಮ್ಮಲ್ಲಿದ್ದಾಗ ಇರಲಿಲ್ಲ' ಎಂದು ಆಸ್ಪತ್ರೆ, 'ಬರುವಾಗಲೇ ಇತ್ತು' ಎಂದು ಆಶ್ರಮ. ಇಬ್ಬರೂ ನಂಬಿದ್ದನ್ನೇ ಹೇಳುತ್ತಿರಬಹುದು. ಒತ್ತಡಕ್ಕೆ ಸಿಕ್ಕು ಒಳಗಿನ ಮಾಂಸ ಸತ್ತರೂ ಅದು ಚರ್ಮದ ಮೇಲೆ ಕಾಣಿಸಿಕೊಳ್ಳಲು 48ರಿಂದ 72 ಗಂಟೆ ಹಿಡಿಯುವುದುಂಟು. ಹೀಗಾಗಿ ಹುಣ್ಣು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಲೆಕ್ಕಕ್ಕೆ ಬರಬೇಕಾದರೆ ಕೈ ಬದಲಾಗುವ ದಿನವೇ ಮೈ ನೋಡಿ ಬರೆದಿಡಬೇಕು. ಟೊಂಕ, ಹಿಮ್ಮಡಿ, ಸೊಂಟದ ಎರಡೂ ಬದಿ, ತಲೆಯ ಹಿಂಭಾಗ: ಐದು ನಿಮಿಷದ ಕೆಲಸ. ಪಠ್ಯಪುಸ್ತಕಗಳು ಮೊದಲ ಹಂತದಲ್ಲಿ ಚರ್ಮ ಕೆಂಪಾಗುತ್ತದೆ ಎನ್ನುತ್ತವೆ. ನಮ್ಮ ಕಪ್ಪು ಮೈಗೆ ಆ ಕೆಂಪು ಕಾಣುವುದು ಕಡಿಮೆ. ಕೈಯಿಟ್ಟು ನೋಡಬೇಕು: ಸುತ್ತಲಿಗಿಂತ ಬಿಸಿಯಿದೆಯೇ, ಗಟ್ಟಿಯಿದೆಯೇ, ಮುಟ್ಟಿದರೆ ನೋವೇ? ಹಾಸಿಗೆ ಹುಣ್ಣಿನ ಸಾಧ್ಯತೆ ಅಳೆಯುವ ಬ್ರೇಡನ್ ಅಂಕಪಟ್ಟಿಯಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಅಪಾಯ ಇದೆಯೆಂದೇ ಲೆಕ್ಕ. ಆ ಅಂಕ ಡಿಸ್ಚಾರ್ಜ್ ಚೀಟಿಯಲ್ಲಿ ಏಕಿರಬಾರದು?

ಆಸ್ಪತ್ರೆಗೂ ಆಶ್ರಮಕ್ಕೂ ನಡುವಿನ ಈ ಬಿರುಕು ಕಾನೂನಿನಲ್ಲೂ ಇದೆ. ನರ್ಸಿಂಗ್ ಹೋಮುಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ವೃದ್ಧಾಶ್ರಮಗಳು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಕ್ಷೆಯಲ್ಲಿವೆ. ಅದೇ ವರ್ಷದ ಪಾಲಕರ ಪೋಷಣೆ ಕಾಯ್ದೆ ಜಿಲ್ಲೆಗೆ ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರುವ ಆಶ್ರಮದ ಮಾತಾಡುತ್ತದೆ. ಹಾಸಿಗೆ ಹಿಡಿದವರನ್ನು ರಾತ್ರಿ ಮಗ್ಗುಲು ಬದಲಿಸುವವರು ಯಾರೆಂದು ಹೇಳುವುದಿಲ್ಲ. 'ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಪ್ರವೇಶ' ಎನ್ನುವ ಆಶ್ರಮಗಳು ಎಷ್ಟೋ. ನಡೆಯುತ್ತಾ ಒಳಗೆ ಬಂದವರು ಎರಡು ವರ್ಷಕ್ಕೆ ಹಾಸಿಗೆ ಹಿಡಿದರೆ?

ಅಂಥ ಆಶ್ರಮದ ಒಂದು ರಾತ್ರಿಯ ಲೆಕ್ಕ ಹಾಕೋಣ. ಆರು ಜನ ಹಾಸಿಗೆ ಹಿಡಿದವರು, ಹತ್ತರಿಂದ ಬೆಳಗಿನ ಆರರವರೆಗೆ ಎರಡು ಗಂಟೆಗೊಮ್ಮೆ ಮಗ್ಗುಲು: 24 ಸಲ. ಒದ್ದೆ ಬಟ್ಟೆ ತೆಗೆದು ಒರೆಸುವುದೂ ಸೇರಿ ಸಲಕ್ಕೆ ಹತ್ತು ನಿಮಿಷ ಹಿಡಿದರೂ ನಾಲ್ಕು ಗಂಟೆ. ಅದೂ ಇಬ್ಬರು ಬೇಕು. ಒಬ್ಬರೇ ಎಳೆದರೆ ಚರ್ಮ ಉಜ್ಜಿ ಕಿತ್ತುಬರುತ್ತದೆ. ಬೆನ್ನಡಿ ಅಡ್ಡ ಬಟ್ಟೆ ಹಾಸಿ ಎರಡೂ ಬದಿಯಿಂದ ಎತ್ತಬೇಕು. ರಾತ್ರಿ ಪಾಳಿಗೆ ಒಬ್ಬಳೇ ಆಯಾ ಇದ್ದ ಕಡೆ ಹುಣ್ಣಿಗೆ ಅವಳ ಅಸಡ್ಡೆ ಕಾರಣ ಎನ್ನುವುದು ಅನ್ಯಾಯ.

ಗಾಳಿ ಹಾಸಿಗೆ ಕೊಂಡರೆ ಸಾಕೆಂಬ ನಂಬಿಕೆಯೂ ಇದೆ. ಮಗ್ಗುಲು ಬದಲಿಸುವ ಕೆಲಸವನ್ನು ಅದು ತಪ್ಪಿಸದು. ಕರೆಂಟ್ ಹೋಗಿ ಪಂಪು ನಿಂತರೆ ಬರೀ ಪ್ಲಾಸ್ಟಿಕ್ ಹಾಳೆ. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ರೆಕ್ಸಿನ್ ಹೊದಿಕೆಯ ಮೇಲೆ ಬೆವತ ಬೆನ್ನು ಇನ್ನೂ ಬೇಗ ಸುಲಿಯುತ್ತದೆ. ಊರಿನ ಮನೆಗಳಲ್ಲಿ ಹಾಸುವ ಕೌದಿ ಮೆತ್ತಗಿದ್ದರೂ ಮಡಿಕೆ ಬಿದ್ದ ಕಡೆ ಒತ್ತುತ್ತದೆ, ಬಿಗಿಯಾಗಿ ಹಾಸಬೇಕು. ನಡುವೆ ತೂತಿರುವ ಟ್ಯೂಬ್ ರಿಂಗು ಅಂಚಿನಲ್ಲಿ ರಕ್ತ ಸಂಚಾರ ತಡೆಯುವುದರಿಂದ ಬೇಡ. ಕೆಂಪಾದ ಜಾಗ ತಿಕ್ಕುವುದೂ, ಹುಣ್ಣಿನೊಳಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದೂ ಬೇಡ. ಸಲೈನ್ ನೀರಿನಲ್ಲಿ ತೊಳೆದು ಮುಚ್ಚಬೇಕು.

ಇನ್ನು ಊಟ. ಹುಣ್ಣು ಮಾಯಲು ದಿನಕ್ಕೆ ಕೆ.ಜಿ. ತೂಕಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು, 50 ಕೆ.ಜಿ. ತೂಗುವ ಅಜ್ಜಿಗೆ 60 ಗ್ರಾಂಗೂ ಮೇಲೆ. ಹಲ್ಲಿಲ್ಲದ ಬಾಯಿಗೆ ರೊಟ್ಟಿ ಬಿಟ್ಟು ಗಂಜಿ ಕೊಟ್ಟರೆ ಅದರ ಕಾಲು ಭಾಗ ಸಿಕ್ಕರೆ ಹೆಚ್ಚು. ತೊಗರಿಯ ಕಣಜವೆನಿಸಿಕೊಂಡ ಜಿಲ್ಲೆಯಲ್ಲಿ ಗಟ್ಟಿ ಬೇಳೆ ಕೊಡಲು ಬರದೇ? ಮೂತ್ರಪಿಂಡದ ತೊಂದರೆಯಿದ್ದರೆ ಮಾತ್ರ ವೈದ್ಯರನ್ನು ಕೇಳಬೇಕು.

ಕೇರಳ 2008ರ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ನೀತಿಯಲ್ಲೇ ಹಾಸಿಗೆ ಹಿಡಿದವರ ಮನೆಗೆ ನರ್ಸ್ ಕಳುಹಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಹಂಚಿತು. ಕಮಲಾಪುರ ತಾಲ್ಲೂಕಿನ ತಾಂಡಾಗಳಿಗೂ ಅಂಥ ಒಬ್ಬ ನರ್ಸ್ ಬೇಕು. ನಗರದ ಆಶ್ರಮಗಳಿಗೆ ಅನುದಾನ ಕೊಡುವಾಗ ಇಲಾಖೆ ಎರಡು ಪ್ರಶ್ನೆ ಕೇಳಲಿ: ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಈ ತಿಂಗಳು ಹೊಸ ಹುಣ್ಣು ಎಷ್ಟು?