ಹೊಂದಾಣಿಕೆ ಮಕ್ಕಳಿಗೆ ಹೊಸದಲ್ಲ

ನಾನು ವಿಜ್ಞಾನ ಬೋಧನೆಯ ಪ್ರಶಿಕ್ಷಣಾರ್ಥಿ. ಬೋಧನಾಭ್ಯಾಸದ ಮೂರನೇ ವಾರ ಇಂಗ್ಲಿಷ್ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೇ ತರಗತಿಯ ಇಂಗ್ಲಿಷ್ ಅವಧಿಗಳು ನನ್ನ ಪಾಲಿಗೆ ಬಂದವು. ಪಾಠ: ಕರ್ತೃಪದ ಮತ್ತು ಕ್ರಿಯಾಪದಗಳ ಹೊಂದಾಣಿಕೆ. 'ಥರ್ಡ್ ಪರ್ಸನ್ ಸಿಂಗ್ಯುಲರ್ ಆದರೆ ಕ್ರಿಯಾಪದಕ್ಕೆ ಎಸ್ ಸೇರಿಸಿ' ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳೂ ಬರೆದುಕೊಂಡರು. ಮರುದಿನ ನೋಟ್‌ಬುಕ್ ತಿದ್ದಲು ಕುಳಿತರೆ ಹಲವರದು ಒಂದೇ ತಪ್ಪು: 'ದಿ ಬಾಯ್ ರನ್', 'ದಿ ಬಾಯ್ಸ್ ರನ್ಸ್'.

ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ. "ಸರ್, ಎಸ್ ಬಂದ್ರೆ ಬಹುವಚನ ಅಲ್ವಾ? ತುಂಬಾ ಹುಡುಗರು ಓಡ್ತಿದಾರೆ, ಅದಕ್ಕೇ ಎರಡೂ ಕಡೆ ಹಾಕಿದೆ" ಎಂದಳು. ಅವಳು ಅಜಾಗರೂಕತೆಯಿಂದ ಬರೆದಿರಲಿಲ್ಲ. ನಾಮಪದಕ್ಕೆ ಕಲಿತ ನಿಯಮವನ್ನು ಕ್ರಿಯಾಪದಕ್ಕೂ ಅನ್ವಯಿಸಿದ್ದಳು. ನಾನು ಮಾತ್ರ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೆ.

ಮುಂದಿನ ಅವಧಿಯಲ್ಲಿ 'ಹುಡುಗಿ ಓಡುತ್ತಾನೆ' ಎಂದೆ. ತರಗತಿಯೆಲ್ಲ ನಕ್ಕಿತು. ಏಕೆ ನಕ್ಕಿರಿ ಎಂದು ಕೇಳಿ, ಅವರಿಂದಲೇ ಓಡುತ್ತೇನೆ, ಓಡುತ್ತೀಯ, ಓಡುತ್ತಾಳೆ, ಓಡುತ್ತದೆ, ಓಡುತ್ತಾರೆ ಎಂದು ಪಟ್ಟಿ ಮಾಡಿಸಿದೆ. ಲಿಂಗ, ವಚನ, ಪುರುಷ ಮೂರಕ್ಕೂ ಕ್ರಿಯಾಪದವನ್ನು ಬದಲಿಸಿ ಮಾತನಾಡುವ ಮಕ್ಕಳಿಗೆ ಹೊಂದಾಣಿಕೆ ಎಂಬ ಕಲ್ಪನೆಯೇ ಇಲ್ಲವೆಂದು ನಾವು ಭಾವಿಸುವುದು ತಪ್ಪು. ಇಂಗ್ಲಿಷಿನಲ್ಲಿ 'ಬಿ' ಕ್ರಿಯಾಪದವನ್ನು ಬಿಟ್ಟರೆ ಈ ಬದಲಾವಣೆ ವರ್ತಮಾನ ಕಾಲದ ಒಂದೇ ಜಾಗದಲ್ಲಿ ಉಳಿದಿದೆ.

ಕಷ್ಟವಿರುವುದು ಬೇರೆ ಕಡೆ. ಮೊದಲನೆಯದು, ನಾಮಪದದಲ್ಲಿ ಬಹುವಚನ ತೋರುವ ಎಸ್ ಕ್ರಿಯಾಪದದಲ್ಲಿ ಏಕವಚನ ತೋರುತ್ತದೆ. ಎರಡನೆಯದು, ಕನ್ನಡ ವ್ಯಾಕರಣದಲ್ಲಿ ಅವನು, ಅವಳು, ಅದು ಪ್ರಥಮ ಪುರುಷ. ಇಂಗ್ಲಿಷಿನಲ್ಲಿ ಅವೇ ಥರ್ಡ್ ಪರ್ಸನ್. ಹೆಸರೇ ದಾರಿ ತಪ್ಪಿಸುತ್ತದೆ. ಮೂರನೆಯದು, ಗೌರವ. 'ಅಪ್ಪ ಕೆಲಸ ಮಾಡುತ್ತಾರೆ' ಎನ್ನುವ ಮಗುವಿಗೆ 'ಮೈ ಫಾದರ್ ವರ್ಕ್' ಎಂಬುದೇ ಸರಿ ಎನಿಸಬಹುದು. ಇಂಗ್ಲಿಷ್ ಕ್ರಿಯಾಪದ ಅಪ್ಪನನ್ನೂ ಏಕವಚನದಲ್ಲೇ ಎಣಿಸುತ್ತದೆ ಎಂದು ಯಾರಾದರೂ ಹೇಳಬೇಕಲ್ಲವೇ?

ಆ ದಿನದ ಅವಲೋಕನ ಪುಸ್ತಕದಲ್ಲಿ ನನಗೆ ಸಿಕ್ಕ ಷರಾ: 'ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಕೆ ಹೆಚ್ಚು.' ಅದರ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಅನೇಕ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳುವುದೇ ಆ ಒಂದು ಅವಧಿಯಲ್ಲಿ. ಅದನ್ನೂ ಕನ್ನಡದಲ್ಲೇ ಕಳೆಯಬಾರದು. ನಾನು ಇಡೀ ಅವಧಿ ಕೇಳುತ್ತಿಲ್ಲ, ಹತ್ತು ನಿಮಿಷ ಕೇಳುತ್ತಿದ್ದೇನೆ. ವಿಜ್ಞಾನದ ಪಾಠ ಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಅಂಕಣ ತುಂಬದೆ ಯಾರೂ ಸಹಿ ಹಾಕುವುದಿಲ್ಲ. ಇಂಗ್ಲಿಷ್ ವ್ಯಾಕರಣದ ಪಾಠದಲ್ಲಿ ಆ ಅಂಕಣಕ್ಕೆ ಮಗುವಿನ ಕನ್ನಡವೂ ಸೇರಲಿ. ಸೇರಿಸಿದ ಪ್ರಶಿಕ್ಷಣಾರ್ಥಿಯ ಅಂಕ ಕಡಿತವಾಗದಿರಲಿ ಎಂದು ಅಧ್ಯಾಪಕರಲ್ಲಿ ನನ್ನ ವಿನಂತಿ.