ಕಿವಿಯ ಸಂಚಾರ

ಸಂಗೀತ ನಿರ್ದೇಶಕನ ಮೊದಲ ವಾದ್ಯವು ಅವನ ಕಿವಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ಕವಿ ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ಗೀತನಾಟಕವನ್ನು ರಂಗಕ್ಕೆ ತಂದ ಬಿ.ವಿ. ಕಾರಂತರು, ಗುಬ್ಬಿ ಕಂಪನಿಯ ರಂಗಗೀತೆಗಳನ್ನೂ, ಕರಾವಳಿಯ ಯಕ್ಷಗಾನದ ಚಂಡೆಯನ್ನೂ, ಕಾಶಿಯಲ್ಲಿ ಪಂಡಿತ ಓಂಕಾರನಾಥ ಠಾಕೂರರ ಗಾಯನವನ್ನೂ ಹೀರಿಕೊಂಡವರಾದುದರಿಂದಲೇ, ಕಲ್ಲು, ತಗಡು, ಬಿದಿರುಗಳ ಸದ್ದಿನಲ್ಲಿಯೂ ನಾಟಕಕ್ಕೆ ಬೇಕಾದ ಭಾವವನ್ನು ಕಂಡುಕೊಳ್ಳಬಲ್ಲವರಾದರು.

ಇಂದಿನ ತರುಣರಲ್ಲಿ ಹಲವರು ಗಣಕಯಂತ್ರದೊಳಗಣ ಸಿದ್ಧತಾಳಗಳಿಂದಲೇ ಗೀತೆಯನ್ನು ಕಟ್ಟತೊಡಗಿದ್ದಾರೆ. ಯಂತ್ರವನ್ನು ನಾನು ಹಳಿಯಲಾರೆ. ಆದರೆ ನಾಗಮಂಗಲ ಸೀಮೆಯ ಆದಿಚುಂಚನಗಿರಿಯ ಜೋಗಿಗಳ ಪದ, ಕೃಷ್ಣರಾಜಪೇಟೆಯ ಹಳ್ಳಿಗಳ ಸೋಬಾನೆ, ಮೇಲುಕೋಟೆಯ ವೈರಮುಡಿ ಉತ್ಸವದ ಇರುಳಿನ ನಾಗಸ್ವರ, ಶ್ರೀರಂಗಪಟ್ಟಣವನ್ನು ಬಳಸಿ ಹರಿವ ಕಾವೇರಿಯ ಮೊರೆತ, ಇವುಗಳಲ್ಲೊಂದನ್ನೂ ಕೇಳದವನಿಗೆ ಆ ಯಂತ್ರವಾದರೂ ಏನನ್ನು ಕೊಟ್ಟೀತು? ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದಂತೆಲ್ಲ ಅದರ ನಾದವು ಬಿಗಿಗೊಳ್ಳುವುದನ್ನು ಸನಿಹದಲ್ಲಿ ನಿಂತು ಆಲಿಸಿದವನು, ಧ್ವನಿಮುದ್ರಣದ ಕೋಣೆಯಲ್ಲಿ ಸಡಿಲವಾದ ಪೆಟ್ಟೊಂದು ಬಿದ್ದೊಡನೆಯೇ ಕೈಯೆತ್ತಿ, ಮತ್ತೊಮ್ಮೆ ಬಾರಿಸಿರೆಂದು ಕೇಳುವನು.