ಅವ್ವ ಓದದ ಹಲಗೆ

ಕಳೆದ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಮಗಳ ಮನೆಯಲ್ಲಿದ್ದೆ. ಒಂದು ಸಂಜೆ ಇಬ್ಬರೂ ಲಾ ಶಪೆಲ್‌ನ ತಮಿಳರ ಅಂಗಡಿಗಳಿಗೆ ಹೋಗಿ ಕರಿಬೇವು, ತೊಗರಿಬೇಳೆ, ಇಂಗು ಕೊಂಡು, ಸೇಂಟ್ ಮಾರ್ಟಿನ್ ಕಾಲುವೆಯ ದಂಡೆಗುಂಟ ನಡೆದು ಬಂದೆವು. ದಾರಿಯಲ್ಲಿ ವಿಲ್ಮ್ಯಾಂ ಎಂಬ ಉದ್ಯಾನ ಸಿಗುತ್ತದೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಅಫ್ಘಾನ್ ಹುಡುಗರು ಒಂದು ಕಾಲಕ್ಕೆ ಅಲ್ಲೇ ರಾತ್ರಿ ಕಳೆಯುತ್ತಿದ್ದರಂತೆ. ಅದಕ್ಕೇ ಅದನ್ನು 'ಪುಟ್ಟ ಕಾಬೂಲ್' ಎನ್ನುತ್ತಿದ್ದರಂತೆ. ಅಲ್ಲಿಂದ ಸ್ವಲ್ಪ ದೂರದ ಓಣಿಯಲ್ಲಿ ಎಂಟು ಮೇಜುಗಳ ಸಣ್ಣ ಹೋಟೆಲೊಂದು ಕಂಡಿತು. ಬಾಗಿಲ ಮೇಲೆ 'ಅಫ್ಘಾನ್ ಮತ್ತು ಫ್ರೆಂಚ್ ಅಡುಗೆ' ಎಂದು ಬರೆದಿತ್ತು.

ಒಳಗೆ ಹೋಗಿ ಕೂತೆವು. ಐವತ್ತೈದರ ಆಸುಪಾಸಿನ ಒಡತಿ ಊಟದ ಪಟ್ಟಿ ಬರೆದಿದ್ದ ದೊಡ್ಡ ಕರಿ ಪಾಟಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು, ನನ್ನೆದುರಿನ ಖಾಲಿ ಕುರ್ಚಿಯ ಮೇಲೆ ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿ ಏನೋ ಕೇಳಿದರು. "ಅವ್ವಾ, ನಿನಗೇನು ಬೇಕಂತ ಕೇಳಾಕತ್ತಾರ," ಅಂದಳು ಮಗಳು.

ಅರವತ್ತೆಂಟರ ನನಗೆ ಆ ಗಳಿಗೆಯಲ್ಲಿ ಹುಬ್ಬಳ್ಳಿ ನೆನಪಾಯಿತು. ನಾನಾಗ ಹತ್ತು-ಹನ್ನೊಂದರ ಹುಡುಗಿ. ದೀಪಾವಳಿಯ ಅರಿವೆ ತರಲು ಧಾರವಾಡದಿಂದ ಹೋದಾಗ ಅಪ್ಪ ನಮ್ಮನ್ನು ಹೋಟೆಲಿಗೆ ಕರೆದೊಯ್ಯುತ್ತಿದ್ದರು. ಅವ್ವ, ನಾನು, ತಂಗಿ ನೇರವಾಗಿ ಹಿಂದಿನ 'ಫ್ಯಾಮಿಲಿ ರೂಮಿ'ಗೆ. ಅದೊಂದು ಕಟ್ಟಿಗೆಯ ಗೂಡು. ಅದಕ್ಕೆ ಜಿಡ್ಡುಗಟ್ಟಿದ ಹಸಿರು ಪರದೆ. ತಿಂಡಿಗಳ ಹೆಸರು ಬರೆದ ಹಲಗೆ ಮಾತ್ರ ಗಂಡಸರು ಕೂಡುವ ಹಾಲಿನಲ್ಲಿ, ಗಲ್ಲಾದ ಮೇಲುಗಡೆ ಇರುತ್ತಿತ್ತು. ಅಪ್ಪ ಅಲ್ಲೇ ನಿಂತು ಓದಿ, ಮಾಣಿಗೆ ಹೇಳಿ, ಒಳಗೆ ಬರುತ್ತಿದ್ದರು. ಅವ್ವನಿಗೆ ಯಾವಾಗಲೂ ಮಸಾಲೆ ದೋಸೆ. ಅಪ್ಪ ಒಳ್ಳೆಯವರು, ಅವ್ವನಿಗೆ ಅದೇ ಪ್ರೀತಿ ಎಂದು ನಂಬಿದ್ದರು. ಎಂಬತ್ತು ದಾಟಿದ ಮೇಲೆ ಒಂದು ದಿನ ಅವ್ವ ನನ್ನೆದುರು ಅಂದಳು: "ನನಗ ದೋಸಿ ಅಷ್ಟೇನೂ ಸೇರತಿರಲಿಲ್ಲವಾ. ಆ ಹಲಗಿ ಮ್ಯಾಲ ಇನ್ನೇನೇನು ಬರದಿತ್ತೋ ಏನೋ."

ಅವ್ವ ಮುಲ್ಕಿ ಪರೀಕ್ಷೆ ಪಾಸಾದವಳು. ಅಕ್ಷರ ಬರುತ್ತಿತ್ತು, ಹಲಗೆ ಇದ್ದಲ್ಲಿಗೆ ಹೋಗುವ ಹಾಗಿರಲಿಲ್ಲ.

ಪ್ಯಾರಿಸ್ಸಿನ ಆ ಪಾಟಿಯ ಎಡಕ್ಕೆ ಅಫ್ಘಾನ್ ತಿನಿಸು, ಬಲಕ್ಕೆ ಫ್ರೆಂಚ್. ಮಗಳು ಓದಿ ಹೇಳಿದಳು, ನಾನು ಆರಿಸಿದೆ. ಮೊದಲು ಬಂದದ್ದು ಆಶಕ್. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಸೊಪ್ಪು ತುಂಬಿ, ಅಂಚು ಒತ್ತಿ, ನೀರಿನಲ್ಲಿ ಬೇಯಿಸಿದ ಕಡುಬು. ಮೇಲೆ ಬಳ್ಳೊಳ್ಳಿ ಬೆರೆಸಿದ ಗಟ್ಟಿ ಮೊಸರು, ಬೇಳೆ-ಟೊಮೆಟೊ ಗೊಜ್ಜು, ಒಣ ಪುದೀನ. ಕಾಬೂಲಿನಲ್ಲಿ ಇದಕ್ಕೆ ಗಂದನಾ ಎಂಬ ಸೊಪ್ಪು ಹಾಕುತ್ತಾರೆ. ನಮ್ಮ ಉಳ್ಳಾಗಡ್ಡಿ ತಪ್ಪಲಿಗೂ ಬಳ್ಳೊಳ್ಳಿಗೂ ನಡುವಿನ ಘಮ ಅದರದು. ಇಲ್ಲಿ ಅದರ ಬದಲು ಒಡತಿ ಫ್ರೆಂಚರ ಲೀಕ್ ಎಂಬ ತರಕಾರಿ ತುಂಬಿದ್ದರು. ಅದೇ ಲೀಕ್ ಬಲಗಡೆಯ ಪಟ್ಟಿಯಲ್ಲೂ ಇತ್ತು: ಇಡಿಯಾಗಿ ಬೇಯಿಸಿ, ಆರಿಸಿ, ಸಾಸಿವೆ, ವಿನೆಗರ್, ಎಣ್ಣೆ ಕಲಸಿ ಸುರಿದದ್ದು. ಎರಡನ್ನೂ ತರಿಸಿ ಒಂದು ತುತ್ತು ಇದು, ಒಂದು ತುತ್ತು ಅದು ಎಂದು ನಿಧಾನಕ್ಕೆ ಉಂಡೆ. ಕೊನೆಗೆ ಏಲಕ್ಕಿ ಹಾಕಿದ ಹಸಿರು ಚಹಾ. ಒಡತಿಯ ಭಾಷೆಯಲ್ಲಿ ಏಲಕ್ಕಿಗೆ 'ಹೇಲ್' ಎನ್ನುತ್ತಾರೆ. ಸಂಸ್ಕೃತದ 'ಏಲಾ' ಬೆಟ್ಟ ದಾಟಿ ಹಾಗಾಗಿದೆ. ನಾನು ಚೀಲದಿಂದ ಇಂಗಿನ ಡಬ್ಬಿ ತೆಗೆದು ತೋರಿಸಿದೆ. ಒಡತಿ ಮೂಸಿ ನಕ್ಕರು. ಅದು ಅವರ ಬೆಟ್ಟಗಳಲ್ಲಿ ಬೆಳೆಯುತ್ತದೆ, ಆದರೆ ಅವರ ಮನೆಯ ಅಡುಗೆಗೆ ಹಾಕುತ್ತಿರಲಿಲ್ಲವಂತೆ. ಬೆಳೆದದ್ದೆಲ್ಲ ಹಿಂದೂಸ್ತಾನಕ್ಕೇ ಹೋಗುತ್ತಿತ್ತು ಎಂದರು.

ಫ್ರೆಂಚ್ ಎಲ್ಲಿ ಕಲಿತಿರಿ ಎಂದು ಕೇಳಿದೆ. ಕಾಬೂಲಿನ ಮಲಾಲಯ್ ಹೆಣ್ಣುಮಕ್ಕಳ ಶಾಲೆಯಲ್ಲಿ ಎಂದರು. ಅಫ್ಘಾನಿಸ್ತಾನಕ್ಕೂ ಫ್ರಾನ್ಸಿಗೂ ನೂರು ವರ್ಷದ ನಂಟಿದೆ. 1922ರಲ್ಲಿ ಫ್ರೆಂಚ್ ಪುರಾತತ್ವಜ್ಞರಿಗೆ ಅಲ್ಲಿ ಉತ್ಖನನದ ಹಕ್ಕು ಸಿಕ್ಕಿತು. ಅದೇ ವರ್ಷ ಕಾಬೂಲಿನಲ್ಲಿ ಫ್ರೆಂಚ್ ಕಲಿಸುವ ಗಂಡುಹುಡುಗರ ಶಾಲೆ ಆರಂಭವಾಯಿತು; ಅದೇ ಇಂದಿನ ಇಸ್ತಿಕ್ಲಾಲ್. ಹೆಣ್ಣುಮಕ್ಕಳಿಗೆ ಮಲಾಲಯ್. ಆಶಕ್‌ನ ಪಕ್ಕದಲ್ಲಿ ಸಾಸಿವೆಯ ಲೀಕ್ ಬಂದು ಕೂತದ್ದು ಆ ಶಾಲೆಯ ದೆಸೆಯಿಂದ.

2021ರ ಸೆಪ್ಟೆಂಬರಿನಿಂದ ಅಫ್ಘಾನಿಸ್ತಾನದಲ್ಲಿ ಆರನೇ ತರಗತಿಯ ಮೇಲಿನ ಹುಡುಗಿಯರಿಗೆ ಶಾಲೆ ಇಲ್ಲ. 2022ರ ನವೆಂಬರಿನಲ್ಲಿ ಹೆಂಗಸರಿಗೆ ಉದ್ಯಾನಗಳು ಮುಚ್ಚಿದವು, ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳು. 2023ರ ಏಪ್ರಿಲಿನಲ್ಲಿ ಅಲ್ಲಿನ ಹೆರಾತ್‌ನಲ್ಲಿ ಇನ್ನೊಂದು ಆಜ್ಞೆ: ಕೈತೋಟವಿರುವ ಹೋಟೆಲುಗಳಿಗೆ ಹೆಂಗಸರೂ ಕುಟುಂಬಗಳೂ ಹೋಗಕೂಡದು.

ಶಾಲೆಯೇ ಮುಚ್ಚಿರುವಾಗ ಹೋಟೆಲಿನ ಮಾತೇಕೆ ಎಂದು ಕೇಳುವವರಿದ್ದಾರೆ. ಮೂವತ್ತಮೂರು ವರ್ಷ ಕನ್ನಡ ಶಾಲೆಯಲ್ಲಿ ಹುಡುಗಿಯರ ಕೈಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸಿದವಳಾಗಿ ನಾನು ಹೇಳುತ್ತೇನೆ: ಇವು ಎರಡು ಬೇರೆ ಮಾತುಗಳಲ್ಲ. ಶಾಲೆಯ ಪಾಟಿ ಕೊಟ್ಟು ಹೋಟೆಲಿನ ಹಲಗೆ ಬಚ್ಚಿಟ್ಟರೆ ನನ್ನ ಅವ್ವನ ಬಾಳಾಗುತ್ತದೆ. ನಾಲ್ಕು ಜನರ ನಡುವೆ ಕೂತು, ಓದಿ, ಇದು ಬೇಕು, ಇದು ಬೇಡ ಎಂದು ಬಾಯಿಬಿಟ್ಟು ಹೇಳುವುದು ಶೋಕಿಯಲ್ಲ. ಕಲಿತ ಅಕ್ಷರ ಕೈಗೆ ಬರುವುದೇ ಅಲ್ಲಿ. ಹೆರಾತ್‌ನಲ್ಲಿ ಆಜ್ಞೆ ಹೊರಡಿಸಿದವರಿಗೆ ಇದು ಚೆನ್ನಾಗಿ ಗೊತ್ತಿದೆ.

ಹೀಗೆ ಹೆಂಗಸರಿಗೆ ಬಾಗಿಲು ಮುಚ್ಚುವುದನ್ನು ಯಾವುದೋ ದೇಶದ, ಯಾವುದೋ ಧರ್ಮದ ಗುಣವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. 1964ರ ಅಫ್ಘಾನ್ ಸಂವಿಧಾನ ಭೇದವಿಲ್ಲದೆ ಎಲ್ಲರಿಗೂ ಸಮಾನ ಹಕ್ಕು ಎಂದು ಬರೆದುಕೊಂಡಿತ್ತು. ಆ ಹೊತ್ತಿಗೆ ಫ್ರಾನ್ಸಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ. ಆ ಕಾನೂನು ಬದಲಾದದ್ದು 1965ರಲ್ಲಿ. ಒಂದು ಕಡೆ ಬಾಗಿಲು ತೆರೆಯಿತು, ಇನ್ನೊಂದು ಕಡೆ ತೆರೆದಿದ್ದದ್ದು ಮುಚ್ಚಿತು. ಪಡೆದದ್ದು ಕೈಬಿಟ್ಟು ಹೋಗಬಹುದು ಎಂಬ ಅಂಜಿಕೆ ನಮಗೂ ಇರಬೇಕು.

ನಮ್ಮ ಹಸಿರು ಪರದೆಯನ್ನು ಯಾವ ಸರಕಾರವೂ ತೆಗೆಯಲಿಲ್ಲ. ಹೆಂಗಸರು ದುಡಿಯಲು ಹೊರಟರು, ಹಸಿದರು, ಹಾಲಿಗೆ ಬಂದು ಕೂತರು. ಪರದೆ ತಾನಾಗಿ ಹೋಯಿತು. ಆದರೂ ಸಣ್ಣ ಊರಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ರಾತ್ರಿ ಒಬ್ಬ ಹೆಂಗಸು ಒಂಟಿಯಾಗಿ ಉಣ್ಣುತ್ತಿದ್ದರೆ ಎಷ್ಟು ಕಣ್ಣು ಅತ್ತ ತಿರುಗುತ್ತವೆಂದು ಒಮ್ಮೆ ಗಮನಿಸಿ. ಮನೆಮಂದಿಯೆಲ್ಲ ಹೋಟೆಲಿಗೆ ಹೋದಾಗ ಮೆನು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಯಾರ ಹತ್ತಿರ ಬರುವುದೇ ಇಲ್ಲ ಎಂಬುದನ್ನೂ ನೋಡಿ.

ಅವ್ವ ಹೋಗಿ ಎಂಟು ವರ್ಷವಾಯಿತು. ಅವತ್ತು ಆಕೆ ಹಾಗೆ ಅಂದಾಗ, "ಹಂಗಾರ ನಿನಗೇನು ಸೇರತೈತಿ?" ಎಂದು ನಾನೂ ಕೇಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಎದ್ದು ಹೋದೆ.

ಬರುವ ಭಾನುವಾರ ನಿಮ್ಮ ಮನೆಯ ಹಿರಿಯ ಹೆಂಗಸನ್ನು ಹೋಟೆಲಿಗೆ ಕರೆದೊಯ್ಯಿರಿ. ಮೂಲೆಯಲ್ಲಲ್ಲ, ನಡುಹಾಲಿನಲ್ಲಿ ಕೂಡಿಸಿ. ಮೆನು ಮೊದಲು ಅವರ ಕೈಗೆ ಕೊಡಿ; ಓದಲು ಬರದಿದ್ದರೆ ಒಂದೊಂದೇ ಹೆಸರು ಓದಿ ಹೇಳಿ. "ನೀವು ತಗೊಂಡಿದ್ದ ನನಗೂ ಹೇಳ್ರಿ" ಎಂದೇ ಅವರು ಅನ್ನುತ್ತಾರೆ. ಒಪ್ಪಬೇಡಿ. ಮಾಣಿಯೂ ನಿಲ್ಲಲಿ, ನೀವೂ ಕಾಯಿರಿ.